ಮೂರು ಸೇರಿನ ಪಿಕಾಸಿ

"ಎಲ್ಲಿ ನುಂಗಿದಿಲೇ ಸೂಳೀಮಗನೇ? ಛಟಾಕು ಕಬ್ಬಿಣ ಎಲ್ಲಿ ನುಂಗಿದಿ, ಬೊಗಳು!"

ಕಾರ್ಕೂನ ಹಾವಗೆಪ್ಪ ತ್ರಾಸಿನ ಮುಳ್ಳಿನಿಂದ ಕಣ್ಣು ಕೀಳದೆ ಬೈಯುತ್ತಿದ್ದ. ಒಂದು ತಟ್ಟೆಯಲ್ಲಿ ಮೂರು ಸೇರಿನ ತೂಕದ ಕಲ್ಲು, ಇನ್ನೊಂದರಲ್ಲಿ ಹಿಡಿಕೆ ಕಳಚಿದ ಪಿಕಾಸಿ. ಪಿಕಾಸಿಯ ತಟ್ಟೆ ಒಂದು ಬೆರಳಿನಷ್ಟು ಮೇಲಿತ್ತು. ಆ ಒಂದು ಬೆರಳಿನ ಅಪರಾಧಕ್ಕೆ ಪಂಢರಿ ಕೈಕಟ್ಟಿ, ತಲೆ ಬಗ್ಗಿಸಿ ನಿಂತಿದ್ದ. ಅವನ ಮೈಮೇಲಿನ ಕೆಂಪು ಧೂಳಿನಲ್ಲಿ ಬೆವರು ಗೀರು ಎಳೆದಿತ್ತು.

"ನುಂಗಿಲ್ರಿ ಧಣಿ. ಮೂತಿ ಮೊಂಡ ಆಗಿತ್ತು. ಕರಿಕಲ್ಲಿಗಿ ಜರಾ ಮಸದೇನ್ರಿ."

"ಮಸದಿ? ಸರ್ಕಾರದ ಕಬ್ಬಿಣ ಮಸೀಲಾಕ ನಿನಗ ಹುಕುಂ ಯಾರು ಕೊಟ್ರು, ನಿಮ್ಮಪ್ಪ ಕೊಟ್ಟಾನೇನು? ತಲಿ ಮ್ಯಾಲ ಇಟ್ಕೊ ಅದನ್ನ. ಹೊತ್ತು ಮುಳಗೋತನ ಹಾಂಗೇ ನಿಂದ್ರು."

ಪಂಢರಿ ಮೂರು ಸೇರಿಗೆ ಛಟಾಕು ಕಡಿಮೆಯಿದ್ದ ಪಿಕಾಸಿಯನ್ನು ತಲೆಯ ಮೇಲಿಟ್ಟುಕೊಂಡು ನಿಂತ. ಕೆಮ್ಮು ಬಂದಾಗ ಪಿಕಾಸಿ ಜಾರದಂತೆ ಎರಡೂ ಕೈಯಿಂದ ಹಿಡಿದುಕೊಂಡು ಕೆಮ್ಮಿದ. ಅವನ ಹೆಂಡತಿ ಕೇಶರಬಾಯಿ ಬುಟ್ಟಿ ಬಗಲಲ್ಲಿಟ್ಟುಕೊಂಡು ಗಣಿಯ ಅಂಚಿನಲ್ಲಿ ನಿಂತು ನೋಡುತ್ತಿದ್ದಳು. ಕೆಮ್ಮುವುದಕ್ಕೂ ಹುಕುಂ ಬೇಕು ಎಂದು ಹಾವಗೆಪ್ಪ ಇನ್ನೂ ಹೇಳಿರಲಿಲ್ಲ, ಅದೊಂದು ಉಪಕಾರ.

ಅದು ಫಸಲಿ ೧೩೫೭ರ, ಅಂದರೆ ೧೯೪೮ರ ಬೇಸಿಗೆ. ನಿಜಾಮರ ರಾಜ್ಯ ಇನ್ನು ನಾಲ್ಕು ತಿಂಗಳು ಬಾಳುವುದಿತ್ತು, ಆದರೆ ಆ ಸುದ್ದಿ ಬೀದರಿನ ಅಂಚಿನ ನೌಬಾದದ ಈ ಕೆಂಪುಕಲ್ಲಿನ ಗಣಿಗೆ ಮುಟ್ಟಿರಲಿಲ್ಲ. ಭಾಲ್ಕಿ ಸ್ಟೇಶನ್ನಿನ ಬಳಿ ಸರ್ಕಾರ ಧಾನ್ಯದ ಕೋಠಿ ಕಟ್ಟಿಸುತ್ತಿತ್ತು. ಅದಕ್ಕೆ ಕಲ್ಲು ಒದಗಿಸುವ ಗುತ್ತೆಯನ್ನು ಶಿವರಾಜಪ್ಪ ಹಿಡಿದಿದ್ದ. ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಅದರ ಮೇಲೆ ನಿಜಾಮರ ಅಧಿಕಾರಿಗಳಂತೆ ಕೆಂಪು ರೂಮಿ ಟೋಪಿ. ಬಸವಣ್ಣನ ಹೆಸರು ಹೇಳದೆ ಅವನು ಊಟಕ್ಕೆ ಕೂಡುತ್ತಿರಲಿಲ್ಲ. ಕಾಯಕ ಎಂಬ ಮಾತೆಂದರೆ ಅವನಿಗೆ ಬಹಳ ಪ್ರೀತಿ, ಬೇರೆಯವರು ಮಾಡುತ್ತಿರುವಾಗ.

ತ್ರಾಸೂ ಅವನದೇ. ಮೊದಲು ಭಾಲ್ಕಿಯ ಪೇಟೆಯಲ್ಲಿ ತೊಗರಿಯ ಚೀಲ ತೂಗುತ್ತಿತ್ತು. ಗಣಿಗೆ ತಂದ ಮೇಲೆ ಶಿವರಾಜಪ್ಪ ಒಂದು ಪದ್ಧತಿ ಹಾಕಿದ. ಹೊಸ ಆಳು ಬಂದರೆ ತಟ್ಟೆಯಲ್ಲಿ ಕೂರಿಸಿ ತೂಗಿಸುತ್ತಿದ್ದ. ಎತ್ತಿನ ಹಲ್ಲು ನೋಡಿದಂತೆ ಅಷ್ಟೆ, ಅದರಲ್ಲಿ ಅವಮಾನವೇನಿದೆ ಎಂಬುದು ಅವನ ಭಾವನೆ. ನಾಲ್ಕು ವರ್ಷದ ಹಿಂದೆ ಎಕಂಬಾದಿಂದ ವಡ್ಡರ ಪಂಢರಿ ಬಂದಾಗ ಎಪ್ಪತ್ತು ಸೇರು ತೂಗಿದ್ದ. "ಭಲೇ, ಮಾಲು ಪಕ್ಕಾ ಅದ!" ಎಂದು ಗುತ್ತೇದಾರ ಅವನ ಬೆನ್ನು ತಟ್ಟಿದ್ದ. ಹಾವಗೆಪ್ಪ ವಹಿಯಲ್ಲಿ ಬರೆದುಕೊಂಡಿದ್ದ. ಕೇಶರಬಾಯಿಗೆ ಅಂದು ನಾಚಿಕೆಯೂ ಆಗಿತ್ತು, ಸ್ವಲ್ಪ ಹೆಮ್ಮೆಯೂ ಆಗಿತ್ತು.

ಆಗ ಕಲ್ಲು ಕಡಿಯುವವರ ಕೈಯಲ್ಲಿ ಅವರವರ ಮನೆತನದ ಪಿಕಾಸಿಗಳಿದ್ದವು. ತೆಳ್ಳಗೆ, ಉದ್ದಕ್ಕೆ, ಕೊಕ್ಕರೆಯ ಕೊಕ್ಕಿನಂಥ ಮೂತಿ. ಪಂಢರಿ ಒಂದು ಏಟು ಹಾಕಿ, ಒಂದು ಗೇಣು ಬಿಟ್ಟು ಇನ್ನೊಂದು ಹಾಕುತ್ತಿದ್ದ. ಮೂತಿ ಕಲ್ಲಿನೊಳಗೆ ಇಳಿದು ಕೂಡುತ್ತಿತ್ತು, ಎರಡು ಏಟುಗಳ ನಡುವಿನ ಕಲ್ಲು ತಾನಾಗಿ ಚಕ್ಕೆಯೆದ್ದು ಬೀಳುತ್ತಿತ್ತು. ಕೇಶರಬಾಯಿ ಆ ಚಕ್ಕೆಗಳನ್ನು ಬುಟ್ಟಿಯಲ್ಲಿ ತುಂಬಿ ಹೊರುತ್ತಿದ್ದಳು. ಧೂಳು ಇರುತ್ತಿರಲಿಲ್ಲವೆಂದಲ್ಲ. ಸೆರಗಿನಿಂದ ಒರೆಸಿಕೊಂಡರೆ ಹೋಗುವಷ್ಟು ಇರುತ್ತಿತ್ತು.

ಎರಡು ವರ್ಷದ ಹಿಂದೆ ಹೈದರಾಬಾದಿನಿಂದ ಸರ್ಕಾರಿ ಪಿಕಾಸಿಗಳು ಬಂದವು. ಹದಿನಾಲ್ಕು. ಒಂದೊಂದೂ ಮೂರು ಸೇರು, ಒಂದೊಂದರ ಮೇಲೂ ಮುದ್ರೆ. ದಿನಾ ಸಂಜೆ ಹಿಡಿಕೆ ಕಳಚಿ, ತೂಗಿಸಿ ಒಪ್ಪಿಸಬೇಕು. ಮೂತಿ ಮಾತ್ರ ಹೆಬ್ಬೆರಳಿನಷ್ಟು ದಪ್ಪ. "ಇವು ಸವ್ಯಾಂಗಿಲ್ಲ, ಮುರ್ಯಾಂಗಿಲ್ಲ. ನಿಮ್ಮ ಮೊಮ್ಮಕ್ಕಳೂ ಇದರಾಗೇ ಕಡೀಬೇಕು" ಎಂದು ಶಿವರಾಜಪ್ಪ ಆಶೀರ್ವಾದ ಮಾಡಿ, ಹಳೆಯವನ್ನು ಗುಜರಿಗೆ ಹಾಕಿಸಿದ. ಹೊಸದು ಕಲ್ಲಿನೊಳಗೆ ಇಳಿಯುತ್ತಿರಲಿಲ್ಲ. ಬಿದ್ದ ಜಾಗದಲ್ಲೇ ಕಲ್ಲನ್ನು ಅರೆಯುತ್ತಿತ್ತು. ಗೇಣು ಬಿಟ್ಟು ಹೊಡೆದರೆ ಏನೂ ಏಳದು. ಒಂದರ ಪಕ್ಕ ಒಂದು, ಹತ್ತಿಪ್ಪತ್ತು ಏಟು ಹಾಕಿದರೆ ಒಂದು ಗೀರು ಇಳಿಯುತ್ತಿತ್ತು, ಅದರಿಂದ ಬಂದದ್ದೆಲ್ಲ ಹಿಟ್ಟು. ಕೇಶರಬಾಯಿ ಶಾಲೆ ಕಂಡವಳಲ್ಲ. ಆದರೆ ಬುಟ್ಟಿಯಲ್ಲಿ ಚಕ್ಕೆ ಕಡಿಮೆಯಾಗಿ ಹಿಟ್ಟು ಹೆಚ್ಚಾದದ್ದನ್ನೂ, ಅದೇ ತಿಂಗಳಿಂದ ಗಂಡನಿಗೆ ದಮ್ಮು ಶುರುವಾದದ್ದನ್ನೂ ಕೂಡಿಸಿ ನೋಡಲು ಅವಳಿಗೆ ಶಾಲೆ ಬೇಕಾಗಲಿಲ್ಲ. ಈಗ ಅವನು ಮಲಗಿ ನಿದ್ದೆ ಮಾಡುತ್ತಿರಲಿಲ್ಲ. ಗೋಡೆಗೆ ಒರಗಿ ಕೂತೇ ಬೆಳಗು ಮಾಡುತ್ತಿದ್ದ.

ಪಂಢರಿಯನ್ನು ತಲೆಭಾರದೊಂದಿಗೆ ನಿಲ್ಲಿಸಿದ ಆ ಸಂಜೆ ಅವಳು ಗುತ್ತೇದಾರನ ಕುರ್ಚಿಯ ಮುಂದೆ ಹೋಗಿ ಸೆರಗೊಡ್ಡಿದಳು.

"ಯಪ್ಪಾ, ನಿಮ್ಮ ಪಾದ ಹಿಡೀತೇನ್ರಿ. ಮೂತಿ ಚೂಪು ಮಾಡ್ಲಾಕ ಒಂದು ಹುಕುಂ ಕೊಡ್ರಿ. ಬ್ಯಾರೆ ಏನೂ ಬ್ಯಾಡ್ರಿ. ಹಿಟ್ಟು ಎದಿಗಿ ಕುಂದರ್ಲತ್ತದ."

"ಮಸದ್ರ ಕಬ್ಬಿಣ ಕಮ್ಮಿ ಆಗ್ತದ. ಸರ್ಕಾರಕ್ಕ ಮುಚ್ಚಳಿಕಿ ಬರಕೊಟ್ಟಾವ ನಾನು, ನೀ ಅಲ್ಲ." ಶಿವರಾಜಪ್ಪ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದ. "ಸರ್ಕಾರದ ಮಾಲು ಹೋಗಾಗ ಎಟ್ಟಿತ್ತು, ಬರಾಗ ಅಟ್ಟೇ ಇರಬೇಕು. ಇಟ್ಟೇ ಕಾನೂನು. ಧೂಳು ಅಂತಾಳ, ಧೂಳು! ವಡ್ಡರ ಹುಟ್ಟಿದ್ದೇ ಧೂಳಿನಾಗ. ಬಂಗ್ಲೇದಾಗ ಹುಟ್ಟಿದ್ರೇನಲೇ ನೀವು?"

ಕುರ್ಚಿಯ ಸುತ್ತ ಇದ್ದವರು ನಕ್ಕರು. ನಗುವುದೂ ಅವರ ಕೆಲಸದಲ್ಲೇ ಸೇರಿತ್ತು.

ನೌಬಾದದ ದಾರಿಯಲ್ಲಿ ಬೇವಿನಮರದ ಕೆಳಗೆ ಅಯ್ಯುಬನ ಕುಲುಮೆ. ಊರಿನ ನೇಗಿಲು, ಕುಡಗೋಲು, ಗಾಡಿಯ ಹಳಿ ಎಲ್ಲ ಅವನ ಕೈಯಲ್ಲೇ ಆಗಬೇಕು. ಮರುದಿನ ಬೆಳಕು ಹರಿಯುವ ಮೊದಲೇ ಕೇಶರಬಾಯಿ ಅಲ್ಲಿಗೆ ಹೋಗಿ ಎಲ್ಲವನ್ನೂ ಹೇಳಿದಳು. ಅಯ್ಯುಬ ಗಡ್ಡ ಕೆರೆದುಕೊಂಡು ನಕ್ಕುಬಿಟ್ಟ.

"ಅರೆ ಅಕ್ಕಾ, ಇದಕ್ಯಾಕ ಅಳ್ಲತ್ತಿ? ಮಸದ್ರ ತಾನೇ ಕಬ್ಬಿಣ ಹೋಗೋದು? ಕಾಸಿ ಬಡದ್ರ ಎಲ್ಲಿ ಹೋಗ್ತದ? ದಪ್ಪ ಇದ್ದದ್ದು ಉದ್ದ ಆಗ್ತದ. ತೂಕ ಹಾಂಗೇ ಇರ್ತದ. ಮುದ್ರಿ ಮುಟ್ಟಲ್ಲ ನಾನು. ನಾಕು ಪಿಕಾಸಿ ತಾ, ತಿದಿ ನೀನೇ ಒತ್ತು."

ಬೆಳಗ್ಗೆ ಪಿಕಾಸಿ ಹಂಚಿದ ಮೇಲೆ ಪಂಢರಿಯದೂ, ಮುದುಕ ಮಡೆಪ್ಪನದೂ, ಇನ್ನಿಬ್ಬರದೂ ಅವಳ ಬುಟ್ಟಿಯಲ್ಲಿ ಕೂತು ಕುಲುಮೆಗೆ ಹೋದವು. ಅವಳು ತಿದಿ ಒತ್ತಿದಳು, ಅಯ್ಯುಬ ಬಡಿದ. ಪಂಢರಿಯದಕ್ಕೆ ಕಮ್ಮಿಯಾಗಿದ್ದ ಛಟಾಕನ್ನು ಮುರುಕು ಕುಡಗೋಲಿನ ತುಂಡು ಬೆಸೆದು ತುಂಬಿದ. ಹೆಬ್ಬೆರಳಿನಂಥ ಮೂತಿ ಮೂರು ಬೆರಳು ಉದ್ದವಾಗಿ, ಚೂಪಾಗಿ ಎದ್ದುಬಂತು. ನೀರಿನಲ್ಲಿ ಅದ್ದಿದಾಗ ಅದು ಸುಂಯ್ ಅಂದ ಸದ್ದಿಗೆ ಕೇಶರಬಾಯಿಗೆ ಅಳು ಬಂತು. ಅಯ್ಯುಬ ಕೂಲಿ ಕೇಳಲಿಲ್ಲ. "ನಿನ್ನ ಗಂಡ ಮಲಗಿ ನಿದ್ದಿ ಮಾಡಿದ್ರ ಬಂದು ಹೇಳು, ಸಾಕು" ಎಂದ.

ಅವತ್ತು ಗಣಿಯಲ್ಲಿ ಪಂಢರಿ ಮತ್ತೆ ಒಂದು ಗೇಣು ಬಿಟ್ಟು ಏಟು ಹಾಕಿದ. ಬೋಗುಣಿಯಷ್ಟು ದೊಡ್ಡ ಚಕ್ಕೆ ಎದ್ದು ಬಿತ್ತು. ಮಡೆಪ್ಪ ಹಲ್ಲಿಲ್ಲದ ಬಾಯಿ ತೆರೆದು, "ಹಾಂಗ, ಹಾಂಗ!" ಎಂದ. ಹನ್ನೊಂದು ದಿನ ಹೀಗೇ ನಡೆಯಿತು. ಹನ್ನೊಂದು ಸಂಜೆಯೂ ತ್ರಾಸಿನ ಮುಳ್ಳು ನೆಟ್ಟಗೆ ನಿಂತಿತು. ಹಾವಗೆಪ್ಪನ ಕಣ್ಣು ಮುಳ್ಳಿನ ಮೇಲೆ ಮಾತ್ರ ಇರುತ್ತಿದ್ದುದರಿಂದ ತಟ್ಟೆಯಲ್ಲಿ ಇದ್ದದ್ದೇನು ಎಂದು ಅವನು ನೋಡಿರಲಿಲ್ಲ. ಎಂಟನೆಯ ದಿನ ಪಂಢರಿ ಚಾಪೆಯ ಮೇಲೆ ಕಾಲು ಚಾಚಿ ಮಲಗಿ ನಿದ್ದೆ ಮಾಡಿದ. ಗೊರಕೆಯೂ ಹೊಡೆದ. ಕೇಶರಬಾಯಿ ಕೂತು ಆ ಗೊರಕೆಯನ್ನು ಕೇಳಿದಳು, ಬೆಳಗ್ಗೆ ಎದ್ದು ಅಯ್ಯುಬನಿಗೆ ಹೇಳಿಬಂದಳು.

ಹನ್ನೆರಡನೆಯ ಸಂಜೆ ಪಿಕಾಸಿಯ ಮೂತಿ ತಟ್ಟೆಯ ಹೊರಗೆ ಚಾಚಿ ಹಾವಗೆಪ್ಪನ ಧೋತರಕ್ಕೆ ಸಿಕ್ಕಿಕೊಂಡಿತು. ಆಗ ಅವನು ನೋಡಿದ.

"ಏನಲೇ ಇದು? ಉದ್ದ ಹ್ಯಾಂಗ ಆತು?"

"ತೂಕ ಬರಾಬರ್ ಅದಲ್ರಿ" ಎಂದ ಪಂಢರಿ.

"ತೂಕದ್ದು ಯಾವ ಭಾಡ್ಯಾ ಕೇಳಿದ? ಉದ್ದ ಕೇಳ್ಲತ್ತೇನಿ, ಉದ್ದ! ಮೂರು ಬಳ್ಳು ಹೆಚ್ಚಿಗಿ ಅದ. ಈ ಮೂರು ಬಳ್ಳಿನ ಕಬ್ಬಿಣ ಎಲ್ಲಿಂದ ಕದ್ದು ತಂದಿ?"

ಕಡಿಮೆಯಾದರೆ ಕಳವು, ಹೆಚ್ಚಾದರೂ ಕಳವು. ಶಿವರಾಜಪ್ಪ ತಾನೇ ಎದ್ದು ಬಂದು ಬೆರಳಿಟ್ಟು ಅಳೆದ. ತೂಕ ಸರಿಯಿದ್ದೂ ತಪ್ಪು ಸಿಕ್ಕಿದ್ದಕ್ಕೆ ಅವನ ಮುಖದಲ್ಲಿ ಕಳೆ ಬಂದಿತ್ತು. ಅಯ್ಯುಬನನ್ನು ಇಬ್ಬರು ಆಳುಗಳು ರಟ್ಟೆ ಹಿಡಿದು ಎಳೆದು ತಂದರು. ಕುಲುಮೆಯ ಕೆಂಡವನ್ನು ಗಣಿಗೇ ತರಿಸಿದರು. ಉದ್ದ ಮಾಡಿದವನೇ ಗಿಡ್ಡ ಮಾಡಬೇಕು ಎಂದು ಹುಕುಂ ಆಯಿತು. ಎಲ್ಲರ ಎದುರು ಅಯ್ಯುಬ ತಾನು ಮಾಡಿದ ಮೂತಿಗಳನ್ನು ತಾನೇ ಬಡಿದು ಮೊಂಡ ಮಾಡಿದ. ಒಂದೊಂದು ಏಟಿಗೂ "ಮಾಫ್ ಮಾಡು ಅಕ್ಕಾ" ಎಂದು ಹಲ್ಲು ಕಚ್ಚಿ ಅನ್ನುತ್ತಿದ್ದ. ಕೇಶರಬಾಯಿಗೆ ಮಾತ್ರ ಅದು ಕೇಳಿಸಿತು.

ಭಾದ್ರಪದದಲ್ಲಿ ಐದೇ ದಿನದ ಲಡಾಯಿಗೆ ನಿಜಾಮರ ರಾಜ್ಯ ಮುಗಿಯಿತು. ಮಿಲಿಟರಿ ಮೋಟಾರುಗಳು ನೌಬಾದದ ದಾರಿಯಲ್ಲೇ ಹೋದವು. ಶಿವರಾಜಪ್ಪ ರೂಮಿ ಟೋಪಿಯನ್ನು ಒಲೆಗೆ ಹಾಕಿ ಬಿಳಿಯ ಖಾದಿ ಟೋಪಿ ಇಟ್ಟುಕೊಂಡ. ತಲೆ ಅದೇ ಇದ್ದುದರಿಂದ ಅಳತೆಗೆ ತೊಂದರೆಯಾಗಲಿಲ್ಲ. ಗಣಿಯಲ್ಲಿ ಪೇಢೆ ಹಂಚಿದರು, ಒಬ್ಬರಿಗೆ ಅರ್ಧ. "ಇನ್ನ ನೀವು ಗುಲಾಮರಲ್ಲ!" ಎಂದು ಹಾವಗೆಪ್ಪ ಕೂಗಿ ಹೇಳಿ, ಕೈತೊಳೆದುಕೊಂಡು ಪಿಕಾಸಿ ತೂಗಲು ಕೂತ.

ಮರುವಾರ ಕೇಶರಬಾಯಿ ಅಯ್ಯುಬನ ಕುಲುಮೆಗೆ ಹೋದಳು. ಸರ್ಕಾರವೇ ಹೋದ ಮೇಲೆ ಅದರ ಪಿಕಾಸಿಯ ಉದ್ದವನ್ನು ಯಾರು ಕೇಳುತ್ತಾರೆ ಎಂಬ ಆಸೆ. ಕುಲುಮೆಯಲ್ಲಿ ಬೂದಿ ತಣ್ಣಗಿತ್ತು. ತಿದಿಯ ಚರ್ಮವನ್ನು ಯಾರೋ ಸೀಳಿದ್ದರು. ಮನೆಯ ಬಾಗಿಲೇ ಇರಲಿಲ್ಲ, ದಾರಿಯಾಚೆಯ ಸಾಬರ ಮನೆಗಳಿಗೂ ಇರಲಿಲ್ಲ.

"ಅಯ್ಯುಬಣ್ಣ ಎಲ್ಲಿ ಹ್ವಾದ?" ಎಂದು ದಾರಿಯಲ್ಲಿ ಬರುತ್ತಿದ್ದವನನ್ನು ಕೇಳಿದಳು.

"ಹೈದ್ರಾಬಾದಿಗಿ ಹೋಗ್ಯಾನಂತ" ಎಂದು ಅವನು ನೆಲ ನೋಡುತ್ತ ಹೇಳಿದ. ಇನ್ನೊಬ್ಬ ಭಾಲ್ಕಿ ಸ್ಟೇಶನ್ನಿನಲ್ಲಿ ನೋಡಿದೆ ಎಂದ, ಅವನೂ ನೆಲವನ್ನೇ ನೋಡುತ್ತಿದ್ದ. ಕುಲುಮೆಯ ಹಿಂದಿನ ಬಾವಿಯಲ್ಲಿ ಮಾತ್ರ ಆ ತಿಂಗಳು ಯಾರೂ ನೀರು ಸೇದಲಿಲ್ಲ. ಕೇಶರಬಾಯಿ ಬೇವಿನ ಬೊಡ್ಡೆಯ ಹತ್ತಿರ ಬಹಳ ಹೊತ್ತು ಕೂತಿದ್ದಳು. ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಹೇಳಲು ಹೆದರಿಕೆಯೂ ಆಗಿತ್ತು.

ದೀಪಾವಳಿ ಮುಗಿದ ಮೇಲೆ ಹೊಸ ಸಾಹೇಬ ಬಂದ. ಮೊಳಕಾಲಿನವರೆಗೆ ಬಿಳಿ ಅಂಗಿ, ಕೈಯಲ್ಲಿ ಹಳೆ ಸರ್ಕಾರ ಬಿಟ್ಟುಹೋದ ಸಾಮಾನಿನ ಯಾದಿ. ಪುಸ್ತಕದ ಕನ್ನಡ ಆಡುತ್ತಿದ್ದ. "ತಾಯಂದಿರೇ, ಇನ್ನು ಇದು ನಿಮ್ಮದೇ ಸರ್ಕಾರ. ನಿಮ್ಮ ಕಷ್ಟಗಳನ್ನು ನಿರ್ಭಯವಾಗಿ ಹೇಳಿಕೊಳ್ಳಬಹುದು" ಎಂದ.

ಕೇಶರಬಾಯಿ ನಂಬಿದಳು. ಮುಂದೆ ಹೋಗಿ ಹೇಳಿಕೊಂಡಳು. "ಮೂತಿ ಚೂಪು ಮಾಡ್ಲಾಕ ಹುಕುಂ ಕೊಡ್ರಿ ಸಾಹೇಬ್ರ. ಈ ಮೊಂಡ ಪಿಕಾಸಿ ಕಲ್ಲು ಕಡ್ಯಾಂಗಿಲ್ರಿ, ಬೀಸ್ತದ. ನನ್ನ ಗಂಡ ಕುಂತೇ ನಿದ್ದಿ ಮಾಡ್ತಾನ್ರಿ."

"ನಾನೇ ಪರೀಕ್ಷಿಸುತ್ತೇನೆ. ಶ್ರಮದಲ್ಲಿ ನನಗೆ ನಾಚಿಕೆಯಿಲ್ಲ" ಎಂದು ಸಾಹೇಬ ಪಂಢರಿಯ ಕೈಯಿಂದ ಪಿಕಾಸಿ ತೆಗೆದುಕೊಂಡ. ಶಿವರಾಜಪ್ಪ ಚಪ್ಪಾಳೆ ತಟ್ಟಿದ. ಸಾಹೇಬ ಆರು ಏಟು ಹಾಕಿದ. ಒಂದು ಚಕ್ಕೆಯೂ ಏಳಲಿಲ್ಲ. ಎದ್ದ ಹಿಟ್ಟು ಅವನ ಮೂಗು ಬಾಯಿಗೆ ಹೋಗಿ, ಬಿಳಿ ಅಂಗಿಯ ಮೇಲೆ ಕೂತು, ಅವನನ್ನು ಗಣಿಯವರ ಬಣ್ಣಕ್ಕೆ ತಂದಿತು. ಕಣ್ಣಲ್ಲಿ ನೀರು ಬರುವಂತೆ ಕೆಮ್ಮಿದ. ಕೇಶರಬಾಯಿ ಹಿಗ್ಗಿದಳು. ಗೊತ್ತಾಯಿತು, ಈ ಪುಣ್ಯಾತ್ಮನಿಗೆ ಗೊತ್ತಾಯಿತು ಎಂದುಕೊಂಡಳು.

ಅವನಿಗೆ ಗೊತ್ತಾಗಿತ್ತು. ಮುಖ ತೊಳೆದುಕೊಂಡು ಕೂಡಲೇ ಹುಕುಂ ಮಾಡಿದ. ಅಧಿಕಾರಿಗಳು ಬರುವ ದಿನ ಅವರು ನಿಲ್ಲುವ ಜಾಗದಲ್ಲೂ ಮೋಟಾರಿನ ದಾರಿಯಲ್ಲೂ ತಪ್ಪದೆ ನೀರು ಹೊಡೆಯಬೇಕು.

ನೀರು ಹೊಡೆಯುವ ಕೆಲಸ ಕೇಶರಬಾಯಿಗೇ ಬಿತ್ತು. ಅರ್ಧ ಹರದಾರಿಯಿಂದ ಕೊಡ ಹೊತ್ತು ತಂದು ದಾರಿಗೆ ಹಾಕಿದಳು. "ಎರಡು ಕೊಡ ಆ ಕಲ್ಲಿನ ಮ್ಯಾಲ ಹಾಕ್ತೇನ್ರಿ, ಕಡಿಯಾವರಿಗಿ ಧೂಳು ಏಳಾಂಗಿಲ್ಲ" ಎಂದದ್ದಕ್ಕೆ ಹಾವಗೆಪ್ಪ, "ಹುಕುಂನಾಗ ಕಲ್ಲು ಇಲ್ಲ, ದಾರಿ ಅದ. ಹಾಕು ಸುಮ್ನ" ಎಂದ. ಪಿಕಾಸಿಯ ಮಾತು ಕೇಳಿದ್ದಕ್ಕೆ, ಯಾದಿಯ ಪ್ರಕಾರ ಸಾಮಾನು ವಶಕ್ಕೆ ಬರುವವರೆಗೆ ಅದರ ಆಕಾರ ಬದಲಿಸುವಂತಿಲ್ಲ ಎಂದು ತಿಳಿಯಿತು. ಹಳೆ ಸರ್ಕಾರದ ಮೊಂಡತನವನ್ನು ಹೊಸ ಸರ್ಕಾರ ಅಳತೆ ತಪ್ಪದೆ ಒಪ್ಪಿಕೊಳ್ಳುವುದಿತ್ತು.

ಯಾದಿಯ ಪ್ರಕಾರ ಹದಿನಾಲ್ಕು ಪಿಕಾಸಿ, ನಲವತ್ತೆರಡು ಸೇರು. ತೂಗಿದರೆ ನಲವತ್ತೇ ಬಂತು. ಎರಡು ವರ್ಷದಲ್ಲಿ ಸವೆಯದ ಕಬ್ಬಿಣವೂ ಸವೆದಿತ್ತು. ದಿನಾ ತಟ್ಟೆಗೆ ಬಿದ್ದು ಮೂರು ಸೇರಿನ ತೂಕದ ಕಲ್ಲೂ ಜೊತೆಗೇ ಸವೆದದ್ದರಿಂದ ಸಂಜೆಯ ತೂಕದಲ್ಲಿ ಅದು ಸಿಕ್ಕಿರಲಿಲ್ಲ. ಎರಡು ಸೇರು ಎಲ್ಲಿ ಎಂದು ಸಾಹೇಬ ಕೇಳಿದ. ಶಿವರಾಜಪ್ಪ ಬಿಳಿ ಟೋಪಿ ಸರಿಪಡಿಸಿಕೊಂಡು, "ಪಂಢರಿ ಅಂತ ಒಬ್ಬಾವ ಇದ್ದಾನ್ರಿ. ಮೊದಲೇ ಎರಡು ಸಲ ಸಿಕ್ಕಾವ. ಒಮ್ಮಿ ಕಮ್ಮಿ ಮಾಡಿ, ಒಮ್ಮಿ ಉದ್ದ ಮಾಡಿ" ಎಂದ. ಬರುವ ಸೋಮವಾರ ಸಾಹೇಬ ಚಾರ್ಜು ತೆಗೆದುಕೊಳ್ಳುವುದರೊಳಗೆ ಎರಡು ಸೇರು ಕಬ್ಬಿಣ ತಂದಿಡಬೇಕು, ಇಲ್ಲವಾದರೆ ಪೊಲೀಸರ ಕೈಗೆ ಕೊಡುವುದು, ಗುಡಿಸಲು ಕೀಳುವುದು ಎಂದು ತೀರ್ಮಾನವಾಯಿತು.

ಪಂಢರಿಗೆ ಆಗ ನಿಲ್ಲುವ ಶಕ್ತಿಯೇ ಇರಲಿಲ್ಲ. ಉಸಿರು ಒಳಗೆ ಹೋಗುವಾಗ ಎದೆಯಲ್ಲಿ ಹಳೆಯ ತಿದಿಯ ಸದ್ದು ಬರುತ್ತಿತ್ತು.

"ಜೇಲಿನಾಗ ಧೂಳು ಇರಾಂಗಿಲ್ಲ ಬಿಡು" ಎಂದು ನಗಲು ನೋಡಿದ.

"ಮುಚ್ಚು ಬಾಯಿ" ಎಂದಳು ಕೇಶರಬಾಯಿ. "ಸ್ವಾಮವಾರ ನಾ ಹೇಳಿದಲ್ಲಿ ಕುಂದ್ರು. ಇಳಿ ಅಂದ್ರ ಇಳೀಬ್ಯಾಡ. ಅಟ್ಟೇ."

ಸೋಮವಾರ ದಾರಿಗೆ ನೀರು ಹೊಡೆದಿತ್ತು. ಸಾಹೇಬ ಬಂದು ಕುರ್ಚಿಯಲ್ಲಿ ಕೂತ. ತ್ರಾಸಿನ ಮುಂದೆ ಹಾವಗೆಪ್ಪ ವಹಿ ಬಿಚ್ಚಿಕೊಂಡು, "ಹೂಂ, ಎಲ್ಲದ ಎರಡು ಸೇರು? ತಂದಾನೇನು ಕಳ್ಳ?" ಎಂದ.

"ತಂದೇನ್ರಿ" ಎಂದಳು ಕೇಶರಬಾಯಿ.

ಅವಳು ಗಂಡನನ್ನು ಬೆನ್ನ ಮೇಲೆ ಹೊತ್ತು ತಂದಿದ್ದಳು. ಸೀದಾ ಹೋಗಿ ತ್ರಾಸಿನ ಒಂದು ತಟ್ಟೆಯಲ್ಲಿ ಇಳಿಸಿದಳು. ಪಂಢರಿ ಮೊಳಕಾಲು ಮಡಚಿ, ಮೇಲಿನ ಸರಪಳಿ ಹಿಡಿದು ಕೂತ. ತಟ್ಟೆ ನೆಲ ಮುಟ್ಟಿತು.

"ಏ ಹುಚ್ಚರಂಡೆ! ಇಳಸ ಅವನ್ನ!"

"ನಿಮ್ಮ ಕಬ್ಬಿಣ ಹಿಟ್ಟಾಗಿ ಇವನ ಎದ್ಯಾಗ ಅದ್ರಿ. ತೂಗಿ ತಗೊಳ್ರಿ."

ಅವಳು ತನ್ನ ಬುಟ್ಟಿಯಿಂದ ಗಂಡನ ಪಿಕಾಸಿಯನ್ನು ತೆಗೆದು ಇನ್ನೊಂದು ತಟ್ಟೆಗೆ ಹಾಕಿದಳು. ಮಡೆಪ್ಪ ಅವಳ ಮುಖ ನೋಡಿದ. ಆಮೇಲೆ ತನ್ನ ಪಿಕಾಸಿಯ ಹಿಡಿಕೆ ಕಳಚಿ ಮುಂದೆ ಬಂದು ಇಟ್ಟ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಕಬ್ಬಿಣದ ಮೇಲೆ ಕಬ್ಬಿಣ ಬೀಳುವ ಸದ್ದು ಮಾತ್ರ ಕೇಳುತ್ತಿತ್ತು. ಹದಿಮೂರನೆಯದಕ್ಕೆ ಪಂಢರಿಯ ತಟ್ಟೆ ನೆಲದ ಮೇಲೇ ಅಲುಗಿತು. ಹದಿನಾಲ್ಕನೆಯದಕ್ಕೆ ನೆಲ ಬಿಟ್ಟಿತು, ಮುಳ್ಳು ನೆಟ್ಟಗೆ ನಿಂತಿತು.

ಹಾವಗೆಪ್ಪನ ಜನ್ಮವೆಲ್ಲ ಮುಳ್ಳು ನೋಡುವುದರಲ್ಲೇ ಕಳೆದಿತ್ತು. ಅಭ್ಯಾಸಬಲದಿಂದ ಅವನ ಬಾಯಿ ತಾನಾಗಿ ಕೂಗಿತು. "ನಲವತ್ತು ಸೇರು!"

"ಈಗ ವಹಿ ತಗೀರಿ ಧಣಿ" ಎಂದಳು ಕೇಶರಬಾಯಿ. "ನಾಕು ವರ್ಷದ ಹಿಂದಿಂದು. ಇದೇ ತ್ರಾಸಿನಾಗ ತೂಗಿ ಬರಕೊಂಡೀರಲ್ಲ, ಪಂಢರಿ ಎಟ್ಟು ಸೇರು? ಓದ್ರಿ."

ಹಾವಗೆಪ್ಪ ವಹಿಯನ್ನು ಮುಚ್ಚಿದ. ಓದುವ ಅಗತ್ಯವಿರಲಿಲ್ಲ, ಗಣಿಯಲ್ಲಿ ಎಲ್ಲರಿಗೂ ನೆನಪಿತ್ತು.

"ಎಪ್ಪತ್ತು!" ಎಂದು ಮಡೆಪ್ಪ ಹಿಂದಿನಿಂದ ಕೂಗಿದ.

"ಎರಡು ಸೇರು ಕಬ್ಬಿಣಕ್ಕ ಕಳ್ಳ ಅಂದ್ರಿ, ಪೊಲೀಸ್ ಅಂದ್ರಿ. ನನ್ನ ಗಂಡ ಮೂವತ್ತು ಸೇರು ಕಮ್ಮಿ ಅದಾನ." ಅವಳು ಶಿವರಾಜಪ್ಪನ ಕಡೆ ತಿರುಗಿದಳು. "ಹೋಗಾಗ ಎಟ್ಟಿತ್ತು ಬರಾಗ ಅಟ್ಟೇ ಇರಬೇಕು ಅಂದಾವರು ನೀವೇ. ಆ ಮೂವತ್ತು ಸೇರು ಯಾವ ಸೂಳೀಮಗ ನುಂಗ್ಯಾನ, ಹೇಳ್ರಿ. ಅದನ್ನ ತಂದು ಇಲ್ಲಿಡ್ರಿ, ನಾ ನಿಮ್ಮ ಎರಡು ಸೇರು ಕೊಡ್ತೇನಿ."

ಶಿವರಾಜಪ್ಪ ಸಾಹೇಬನ ಕಡೆ ನೋಡಿದ. ಸಾಹೇಬ ಯಾದಿಯ ಕಡೆ ನೋಡಿದ. ಯಾದಿಯಲ್ಲಿ ಪಿಕಾಸಿ ಇತ್ತು, ಹಾರೆ ಇತ್ತು, ತ್ರಾಸು ಇತ್ತು, ಪಂಢರಿ ಇರಲಿಲ್ಲ.

"ಇದು ಸರಿಯಾದ ಕ್ರಮವಲ್ಲ" ಎಂದು ಅವನು ಎದ್ದ. "ಮೊದಲು ಕೆಲಸ ಆರಂಭವಾಗಲಿ. ಅರ್ಜಿಯನ್ನು ಆಮೇಲೆ ನೋಡೋಣ."

"ಹತ್ರೀ ಕೆಲಸಕ್ಕ!" ಎಂದು ಹಾವಗೆಪ್ಪ ಅರಚಿದ. "ತಗೀರಿ ನಿಮ್ಮ ನಿಮ್ಮ ಪಿಕಾಸಿ, ಹರಾಮ್‌ಖೋರರ್ಯಾ!"

ಹದಿನಾಲ್ಕೂ ತಟ್ಟೆಯಲ್ಲಿದ್ದವು. ಒಂದನ್ನು ಎತ್ತಿಕೊಂಡರೆ ಸಾಕು, ಪಂಢರಿಯ ತಟ್ಟೆ ಧೊಪ್ಪನೆ ನೆಲಕ್ಕೆ ಬೀಳುತ್ತಿತ್ತು. ಯಾರೂ ಕೈ ಚಾಚಲಿಲ್ಲ. ಹಾವಗೆಪ್ಪ ಇನ್ನೊಮ್ಮೆ ಅರಚಿದ. ದಾರಿಗೆ ಹೊಡೆದ ನೀರು ಬಿಸಿಲಿಗೆ ಆರತೊಡಗಿತು.

ಪಂಢರಿಗೆ ಕೆಮ್ಮು ಬಂತು. ತಟ್ಟೆ ಅಲುಗಿತು, ಸರಪಳಿ ಕಿರುಗುಟ್ಟಿತು, ಮುಳ್ಳು ಅತ್ತಿತ್ತ ಹೊಯ್ದಾಡಿ ಮತ್ತೆ ನಡುವಿಗೆ ಬಂದು ನಿಂತಿತು. ಕೇಶರಬಾಯಿ ತ್ರಾಸಿನ ಪಕ್ಕದಲ್ಲಿ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತಳು.

"ಮೂವತ್ತು ಸೇರು ಬಾಕಿ ಅಂತ ರಸೀದಿ ಬರೀರಿ" ಎಂದಳು.